ತೊಟ್ಟಿಯ ತಳ ಮತ್ತು ಬೆಳಕನ್ನು ಆರಿಸಿದ ನಡಾವಳಿ

ಬೇರಿಗೆ ಮಣ್ಣಿಲ್ಲ, ಲಾರಿ ಇದೆ. ಎಲೆಗೆ ಬಿಸಿಲಿಲ್ಲ, ಕಂಬ ಇದೆ. ಮೈಯಲ್ಲಿ ಜೀವ ಇಲ್ಲ, ಹಾಜರಿ ಇದೆ. ಏನದು, ಹೇಳಿ ನೋಡೋಣ?

ತಲೆ ಕೆರೆದುಕೊಳ್ಳಬೇಡಿ, ಬರಲ್ಲ. ನನ್ನನ್ನು ಒಂದೇ ತರಗತಿಯಲ್ಲಿ ಎರಡು ಸಲ ಕೂರಿಸಿದ ಮೇಷ್ಟ್ರನ್ನೂ ಕೇಳಿದೆ. ಪಠ್ಯದಲ್ಲಿ ಇಲ್ಲದ್ದನ್ನು ಕೇಳಬಾರದು ಅಂದರು. ಆದ್ದರಿಂದ ಒಗಟನ್ನು ಅಲ್ಲೇ ಬಿಟ್ಟು ವಿಷಯಕ್ಕೆ ಬರುತ್ತೇನೆ.

ನಮ್ಮೂರಿನ ದೂರು ಸ್ವೀಕಾರ ಕಚೇರಿಯಲ್ಲಿ ದೂರುಗಳನ್ನು ಸ್ವೀಕರಿಸಲಾಗುತ್ತದೆ. ಅದು ಆ ಕಚೇರಿಯ ಏಕೈಕ ಕರ್ತವ್ಯ. ದೂರುಗಳನ್ನು ಪರಿಹರಿಸುವುದು ಬೇರೊಂದು ಕಚೇರಿಯ ಕರ್ತವ್ಯ. ಆ ಕಚೇರಿಯನ್ನು ಇನ್ನೂ ತೆರೆದಿಲ್ಲ.

ಕಚೇರಿ ಅಂದರೆ ಒಂದು ಉದ್ದನೆಯ ಹಾಲ್. ಹಾಲಿನ ಕೊನೆಯಲ್ಲಿ ಕಂಬಿ ಹಾಕಿದ ಕೌಂಟರ್. ಕಂಬಿಯ ಒಳಗೆ ನನ್ನ ಚಿಕ್ಕಮ್ಮ, ಹೊರಗೆ ಬೆಂಚುಗಳ ಮೇಲೆ ಊರು. ಚಿಕ್ಕಮ್ಮ ದೂರು ತೆಗೆದುಕೊಂಡು, ಸೀಲು ಹೊಡೆದು, ಹಿಂದಿನ ಕೋಣೆಯೊಳಗೆ ಎಸೆಯುತ್ತಾಳೆ. ಕೋಣೆ ತುಂಬಿದಾಗ ಇಬ್ಬರು ಸೇರಿ ಬಾಗಿಲನ್ನು ಒದ್ದು ಮುಚ್ಚುತ್ತಾರೆ. ಇದಕ್ಕೆ ವಿಲೇವಾರಿ ಎಂದು ಹೆಸರು.

ಚಿಕ್ಕಮ್ಮ ಹಂಗಾಮಿ. ನನಗೆ ಹಾಲುಹಲ್ಲು ಇದ್ದಾಗಲೂ ಹಂಗಾಮಿ, ಈಗ ಮೀಸೆ ಬರುತ್ತಿರುವಾಗಲೂ ಹಂಗಾಮಿ. ಅವಳ ನಂತರ ಬಂದ ಫ್ಯಾನು, ಬೀರು, ನೀರಿನ ಹೂಜಿ ಎಲ್ಲವೂ ಖಾಯಂ ಆಗಿ ಅವುಗಳ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬಿದ್ದಿದೆ. ಚಿಕ್ಕಮ್ಮನ ಬೆನ್ನ ಮೇಲೆ ಏನೂ ಬಿದ್ದಿಲ್ಲ, ಸಾಹೇಬರ ಕೆಲಸವೊಂದನ್ನು ಬಿಟ್ಟು.

ಬೆಂಚಿನ ಮೇಲಿದ್ದವರು ಕೂಗಾಡುತ್ತಿದ್ದರು. ನೀರಿನಲ್ಲಿ ಮೀನು ಈಜುವುದನ್ನು ನೋಡಿದರೆ ಮನುಷ್ಯನ ಸಿಟ್ಟು ಇಳಿಯುತ್ತದೆ ಎಂದು ಸಾಹೇಬರ ಹಲ್ಲಿನ ಡಾಕ್ಟರು ಹೇಳಿದ್ದರಿಂದ, ದೂರು ಪರಿಹರಿಸುವುದಕ್ಕಿಂತ ಅದೇ ಸುಲಭವೆಂದು ಮನಗಂಡು, ಹಾಲಿನಲ್ಲಿ ಒಂದು ಗಾಜಿನ ತೊಟ್ಟಿಯನ್ನು ಇಡಲಾಯಿತು. ತೊಟ್ಟಿಯಲ್ಲಿ ನಾಲ್ಕು ಮೀನು, ಒಂದಷ್ಟು ಪ್ಲಾಸ್ಟಿಕ್ ಗಿಡ. ಮೊದಲನೇ ದಿನವೇ ಒಬ್ಬ ಹೆಂಗಸು ಗಾಜಿಗೆ ಮೂಗು ಒತ್ತಿ ನೋಡಿ, "ಇಲ್ಲಿ ಗಿಡ ಕೂಡ ಸುಳ್ಳಾ?" ಅಂತ ಕೇಳಿ, ಅದನ್ನೇ ದೂರಾಗಿ ಬರೆದುಕೊಟ್ಟು ಹೋದಳು.

ಇಲ್ಲೊಂದು ಅಚಾತುರ್ಯ ನಡೆಯಿತು. ಆ ದೂರು ಹಿಂದಿನ ಕೋಣೆಗೆ ಬೀಳದೆ ಅಂಚೆಯ ಚೀಲಕ್ಕೆ ಬಿದ್ದು, ಮೇಲಿನ ಕಚೇರಿಗೆ ಹೋಗಿ, ಯಾರೋ ಅದನ್ನು ಓದಿಬಿಟ್ಟರು. ಕಚೇರಿಯ ಚರಿತ್ರೆಯಲ್ಲಿ ಹೀಗೆ ಆದದ್ದು ಇದೇ ಮೊದಲು. ಕೂಡಲೇ ಮೇಲಿನಿಂದ ಸುತ್ತೋಲೆ ಬಂತು:

"ಕಚೇರಿಗಳ ತೊಟ್ಟಿಗಳಲ್ಲಿ ಇನ್ನು ಮುಂದೆ ಸಜೀವ ಸಸ್ಯಗಳೇ ಇರತಕ್ಕದ್ದು. ಸದರಿ ಸಸ್ಯಗಳನ್ನು ಖುದ್ದಾಗಿ ಪರಿಶೀಲಿಸಲು ಮೇಲಧಿಕಾರಿಗಳು ಆಗಮಿಸಲಿದ್ದಾರೆ. ಸಸ್ಯಗಳು ನಿರ್ಜೀವವಾಗಿ ಕಂಡುಬಂದಲ್ಲಿ ಅತ್ಯಂತ ಕೆಳಗಿನ ನೌಕರರನ್ನು ಹೊಣೆ ಮಾಡತಕ್ಕದ್ದು."

ಸಾಹೇಬರು ಚಿಕ್ಕಮ್ಮನನ್ನು ಕರೆದರು.

"ನೋಡಮ್ಮಾ, ಅತ್ಯಂತ ಕೆಳಗೆ ಯಾರಿದ್ದಾರೆ ಅಂತ ಹುಡುಕಿಸಿದೆ."

"ನಾನೇ ಅಲ್ವಾ ಸಾರ್."

"ಬೇಜಾರು ಮಾಡ್ಕೋಬೇಡ. ಈ ವರ್ಷ ನಮ್ಮ ಕಚೇರಿಗೆ ಒಂದು ಖಾಯಂ ಹುದ್ದೆ ಮಂಜೂರಾಗಿದೆ. ಒಂದೇ ಒಂದು. ಮೇಲಿನವರು ಬರೋ ತನಕ ಗಿಡ ಬದುಕಿದ್ರೆ ಹುದ್ದೆ ನಿಂದು. ಸತ್ರೆ..."

"ಸತ್ರೆ ಸಾರ್?"

"ನೀನೂ ಮನೆಗೆ. ಆದ್ರೆ ಗಿಡ ಯಾಕಮ್ಮಾ ಸಾಯುತ್ತೆ? ಅದಕ್ಕೇನು ಸಂಸಾರ ಇದೆಯಾ, ಸಾಲ ಇದೆಯಾ?"

ಚಿಕ್ಕಮ್ಮ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಹೇಳಿದಳು: "ಲೋ, ಇನ್ನು ಮೇಲೆ ಯಾರೂ ನನ್ನ ಹತ್ರ ಜೋರಾಗಿ ಮಾತಾಡಬೇಡಿ. ನಾನು ಖಾಯಂ ಆಗ್ತಾ ಇದ್ದೀನಿ." ಮಾರನೇ ದಿನದಿಂದ ಅವಳು ನೆಟ್ಟಗೆ ಕೂತು ಊಟ ಮಾಡತೊಡಗಿದಳು. ಖಾಯಂ ಆದವರು ಬಾಗಿ ತಿನ್ನಬಾರದಂತೆ.

ಸಾಕು ಮೀನಿನ ಅಂಗಡಿಯವನನ್ನು ಕರೆಸಲಾಯಿತು. ಅವನು ತಂದಿದ್ದ ಗಿಡಗಳನ್ನು ಕೆಳಗಿಟ್ಟು, ತೊಟ್ಟಿಯ ಸುತ್ತ ಒಂದು ಸುತ್ತು ಬಂದು, ಮದುವೆಗೆ ಹೆಣ್ಣು ನೋಡಲು ಬಂದವನ ಹಾಗೆ ಮುಖ ಮಾಡಿದ.

"ಸಾರ್, ನೀರೊಳಗಿನ ಗಿಡ ಅಂದ್ರೆ ಎರಡೇ ವಿಷಯ. ಕಾಲಿಗೆ ಏನು, ತಲೆಗೆ ಏನು. ಕಾಲಿಗೆ ನಮ್ಮ ಅಂಗಡೀದು ಸುಟ್ಟ ಮಣ್ಣಿನ ಗುಳಿಗೆ ಇದೆ, ಗೊಬ್ಬರ ಒಳಗೇ ಇರುತ್ತೆ. ಅದರ ಮೇಲೆ ಅಕ್ಕಿ ಕಾಳಿನಷ್ಟು ಸಣ್ಣ ಹರಳು. ಬೇರು ಇಳಿಯೋ ಹಾಗೆ ನಾಲ್ಕು ಬೆರಳು ದಪ್ಪ ಇದ್ರೆ ಸಾಕು. ಈ ದಪ್ಪ ದಿಂಡಿನ ಗಿಡವನ್ನ ಮಾತ್ರ ಹೂಳಬೇಡಿ, ಕೊಳೆಯುತ್ತೆ, ಕಟ್ಟಿಗೆಗೆ ಕಟ್ಟಿಬಿಡಿ. ತಲೆಗೆ ಎಲ್‌ಇಡಿ ಪಟ್ಟಿ. ದಿನಕ್ಕೆ ಏಳೆಂಟು ಗಂಟೆ. ಕಡಿಮೆ ಆದ್ರೆ ಗಿಡ ಸಾಯುತ್ತೆ, ಜಾಸ್ತಿ ಆದ್ರೆ ಪಾಚಿ ಹುಟ್ಟುತ್ತೆ. ಎಲ್ಲಾ ನಾನೇ ಕೊಡ್ತೀನಿ ಸಾರ್, ನಿಮ್ಮ ಮನೆಗೂ ಒಂದು ತೊಟ್ಟಿ ಹಾಕಿಕೊಡ್ತೀನಿ."

ಮನೆಗೂ ಒಂದು ಅನ್ನುವ ಮಾತನ್ನು ಸಾಹೇಬರು ಬರೆದುಕೊಂಡರು. ಉಳಿದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಮಾರುವವನೇ ಸಲಹೆ ಕೊಟ್ಟರೆ ಅದು ಪಕ್ಷಪಾತವಾಗುತ್ತದೆ ಎಂದು ತೀರ್ಮಾನಿಸಿ, ಅವನಿಂದ ಮೂರು ಗಿಡಗಳನ್ನು ಮಾತ್ರ ಕೊಂಡು, ಗೇಟಿನ ತನಕ ಮರ್ಯಾದೆಯಿಂದ ಕಳುಹಿಸಲಾಯಿತು. ತಳಕ್ಕೆ ಒಂದು ಸಮಿತಿ, ಬೆಳಕಿಗೆ ಒಂದು ಸಮಿತಿ ರಚಿಸಲಾಯಿತು. ಒಂದೇ ಸಮಿತಿ ಎರಡನ್ನೂ ನೋಡಿದ್ದರೆ ಗಿಡಕ್ಕೆ ಒಳ್ಳೆಯದಿತ್ತು. ಆದರೆ ಒಂದು ಸಮಿತಿಗೆ ಒಂದೇ ಭತ್ಯೆ.

ತಳದ ಸಮಿತಿಯ ಅಧ್ಯಕ್ಷರನ್ನು ನಾವು ತಳದವರು ಎನ್ನೋಣ. ದಪ್ಪ, ಸಾವಧಾನ, ಕೂತ ಕುರ್ಚಿ ಅವರ ಜೊತೆಗೇ ಏಳುತ್ತದೆ. ಅವರು ಖರೀದಿಯ ನಿಯಮಗಳನ್ನು ತಿರುವಿ ನೋಡಿದರು. ಅದರಲ್ಲಿ ಕುರ್ಚಿಯ ಕೆಳಗೆ ಹಾಸುವುದು ಇತ್ತು, ಹೆಣದ ಕೆಳಗೆ ಹಾಸುವುದು ಇತ್ತು, ರಸ್ತೆಯ ಕೆಳಗೆ ಹಾಸುವುದು ಇತ್ತು. ಗಿಡದ ಕೆಳಗೆ ಹಾಸುವುದು ಇರಲಿಲ್ಲ.

"ಹೆಣಕ್ಕೆ ಹಾಸೋದು ಬೇಡ, ಅಪಶಕುನ," ಅಂದರು ತಳದವರು. "ರಸ್ತೇದು ತಗೊಳ್ಳೋಣ. ಭದ್ರವಾಗಿರುತ್ತೆ."

ರಸ್ತೆಯ ಕೆಳಗೆ ಹಾಸುವುದು ಜಲ್ಲಿ. ಜಲ್ಲಿಯ ಕನಿಷ್ಠ ಪ್ರಮಾಣ ಒಂದು ಲಾರಿ. ಲಾರಿಯ ಮಾಲೀಕ ತಳದವರ ಭಾವಮೈದ. ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಯಾರಾದರೂ ಯಾರಿಗಾದರೂ ಭಾವಮೈದ ಆಗಿರಲೇಬೇಕು.

ಲಾರಿ ಬಂದು ಕಚೇರಿಯ ಮುಂದೆ ಬೆನ್ನೆತ್ತಿತು. ಗುಡ್ಡ ಬಿತ್ತು. ಬಾಗಿಲು ಅರ್ಧ ಮುಚ್ಚಿತು. ಅಂದಿನಿಂದ ದೂರು ಕೊಡುವವರು ಜಲ್ಲಿಯ ಗುಡ್ಡ ಹತ್ತಿ ಇಳಿದು ಒಳಗೆ ಬರಬೇಕಾಯಿತು. ವಯಸ್ಸಾದವರು ಬರುವುದು ಕಡಿಮೆಯಾಯಿತು, ದೂರುಗಳು ಇಳಿದವು, ಅಂಕಿ ಅಂಶ ಸುಧಾರಿಸಿತು. ತಳದವರಿಗೆ ಅಭಿನಂದನಾ ಪತ್ರ ಬಂತು.

ಆ ಗುಡ್ಡದಿಂದ ಎರಡು ಬುಟ್ಟಿ ತಂದು ತೊಟ್ಟಿಗೆ ಸುರಿದರು. ಒಂದೊಂದು ಕಲ್ಲು ನನ್ನ ಮುಷ್ಟಿಯಷ್ಟು, ಅದೂ ಸುಣ್ಣಕಲ್ಲು. ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಮೀನುಗಳು ಮೂಲೆ ಸೇರಿ ಒಂದರ ಮುಖ ಒಂದು ನೋಡಿಕೊಂಡವು. ಮೂರು ಗಿಡಗಳನ್ನು ಕಲ್ಲಿನ ಸಂದಿಗೆ ತುರುಕಲಾಯಿತು. ಅಂಗಡಿಯವನು ಹೂಳಬೇಡಿ ಅಂದಿದ್ದ ದಪ್ಪ ದಿಂಡಿನ ಗಿಡವನ್ನು, ಹೂಳಬೇಡಿ ಅಂದದ್ದು ಯಾರೂ ಬರೆದುಕೊಂಡಿರಲಿಲ್ಲವಾದ್ದರಿಂದ, ಎಲ್ಲಕ್ಕಿಂತ ಆಳವಾಗಿ ಹೂಳಲಾಯಿತು.

"ಸಾರ್, ಇದಕ್ಕೆ ಉಸಿರು ಕಟ್ಟಲ್ವಾ?" ಚಿಕ್ಕಮ್ಮ ಕೇಳಿದಳು.

"ಏನಮ್ಮಾ, ಇದರ ಮೇಲೆ ಬಸ್ಸು ಓಡಿಸಬಹುದು. ಗಿಡ ನಿಲ್ಲಲ್ವಾ?" ಅಂದರು ತಳದವರು.

ಇನ್ನು ಬೆಳಕು. ಬೆಳಕಿನ ಸಮಿತಿಯ ಅಧ್ಯಕ್ಷರು ಸಣಕಲು, ಚುರುಕು, ಯಾವಾಗಲೂ ಸ್ವಿಚ್ಚು ಆರಿಸುತ್ತಾ ಓಡಾಡುವವರು. ಅವರನ್ನು ಬೆಳಕಿನವರು ಎನ್ನೋಣ. ಅವರು ನಿಯಮ ನೋಡಿದಾಗ, ಕಚೇರಿಯ ಒಳಗಿನ ದೀಪಗಳನ್ನು ನೌಕರರಿಗೆ ಮಾತ್ರ ಕೊಡಬಹುದೆಂದು ಕಂಡುಬಂತು. ಸಾಹೇಬರಿಗೆ ನಾಲ್ಕು ಟ್ಯೂಬ್‌ಲೈಟು, ಗುಮಾಸ್ತರಿಗೆ ಒಂದು, ಹಂಗಾಮಿಗಳಿಗೆ ಝೀರೋ ಬಲ್ಬು. ಗಿಡಗಳು ನೌಕರರಲ್ಲ. ಆದ್ದರಿಂದ ಅವಕ್ಕೆ ಕತ್ತಲೆ.

"ಹಾಗಾದ್ರೆ ಗಿಡ ಸಾಯುತ್ತಲ್ಲ ಸಾರ್," ಅಂದಳು ಚಿಕ್ಕಮ್ಮ. ಅವಳ ಧ್ವನಿ ಆಗಲೇ ಸಣ್ಣಗಾಗಿತ್ತು.

"ಒಂದು ದಾರಿ ಇದೆ," ಬೆಳಕಿನವರು ಕನ್ನಡಕ ಒರೆಸಿಕೊಂಡರು. "ಗಿಡಾನ ನೌಕರಿಗೆ ತಗೊಂಡುಬಿಡೋಣ. ಹಂಗಾಮಿಯಾಗಿ. ಸಂಬಳ ಕೇಳಲ್ಲ, ಚಹಾ ಕೇಳಲ್ಲ. ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರಿನ ಕೆಳಗೆ ಬರೆದುಬಿಡು."

"ಅಷ್ಟೇನಾ ಸಾರ್?"

"ಅಷ್ಟೇ. ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ."

ಚಿಕ್ಕಮ್ಮ ನಾಲಿಗೆ ಹೊರಗೆ ಚಾಚಿ, ದುಂಡಗೆ ಬರೆದಳು: ತೊಟ್ಟಿಯೊಳಗಿನ ಸಜೀವ ಸಸ್ಯ, ಹಂಗಾಮಿ. ತಂದೆಯ ಹೆಸರು ಎಂಬ ಕಡೆ ಮೀನಿನ ಅಂಗಡಿ. ವಿದ್ಯಾರ್ಹತೆ ಎಂಬ ಕಡೆ ಇಲ್ಲ. ಮನೆಗೆ ಬಂದು ಹೇಳಿದಳು, "ನನಗೂ ಕೈಕೆಳಗೆ ಒಬ್ಬರು ಬಂದ್ರು ಕಣೋ." ನಾನು, "ನೀರಿನ ಕೆಳಗೆ ಅನ್ನು ಚಿಕ್ಕಮ್ಮಾ," ಅಂದೆ. ಲಟ್ಟಣಿಗೆ ಬಂತು. ತಪ್ಪಿಸಿಕೊಂಡೆ.

ಸಸ್ಯಕ್ಕೆ ಝೀರೋ ಬಲ್ಬು ಮಂಜೂರಾಯಿತು. ಕಚೇರಿ ತೆರೆದಾಗ ಹಚ್ಚುವುದು, ಊಟದ ಹೊತ್ತಿನಲ್ಲಿ ಆರಿಸುವುದು, ರಜೆಯಲ್ಲಿ ಹಚ್ಚುವಂತಿಲ್ಲ. ಹಬ್ಬದ ರಜೆ, ಸತ್ತವರ ರಜೆ, ಸತ್ತವರು ಹುಟ್ಟಿದ ರಜೆ ಎಲ್ಲವೂ ಸಸ್ಯಕ್ಕೂ ಅನ್ವಯವಾದವು. ವಾರ ಕಳೆಯುವುದರೊಳಗೆ ಉದ್ದ ಎಲೆಯದು ಹಳದಿಯಾಯಿತು, ಕೆಂಪು ಎಲೆಯದು ಕೆಂಪು ಬಿಟ್ಟಿತು, ದಪ್ಪ ದಿಂಡಿನದು ಮುಟ್ಟಿದರೆ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು.

ಚಿಕ್ಕಮ್ಮ ಬೆಳಕಿನವರ ಮೇಜಿನ ಮುಂದೆ ನಿಂತು ಅತ್ತಳು. ಬೆಳಕಿನವರು ಕರಗಿದರು.

"ಒಳಗಿನ ದೀಪ ಇದಕ್ಕಿಂತ ಹೆಚ್ಚು ಕೊಡೋಕಾಗಲ್ಲಮ್ಮಾ, ಹಂಗಾಮಿಗೆ ಟ್ಯೂಬ್‌ಲೈಟು ಕೊಟ್ರೆ ನಾಳೆ ನೀನೂ ಕೇಳ್ತೀಯ. ಆದ್ರೆ ಹೊರಗಿನ ದೀಪಕ್ಕೆ ದರ್ಜೆ ಇಲ್ಲ. ಒಂದು ಬೀದಿ ದೀಪ ತರಿಸ್ತೀನಿ."

ಈ ಬೀದಿ ದೀಪ ಎಲ್ಲಿಂದ ಬಂತು ಎಂಬುದಕ್ಕೆ ಒಬ್ಬ ತಾತನ ಪರಿಚಯ ಮಾಡಿಕೊಡಬೇಕು. ತಮ್ಮ ಬೀದಿಯ ದೀಪ ಮಿಣುಕುತ್ತದೆ, ಉರಿದರೆ ಉರಿಯಲಿ ಆರಿದರೆ ಆರಲಿ, ಕಣ್ಣು ಮಾತ್ರ ಹೊಡೆಯಬಾರದು ಎಂಬುದು ಈ ತಾತನ ದೂರು. ಜಲ್ಲಿ ಗುಡ್ಡ ಬಂದ ಮೇಲೂ ಅವರು ಕೊಡೆ ಊರಿಕೊಂಡು ಹತ್ತಿ ಬರುತ್ತಿದ್ದರು. ಅವರ ದೂರಿಗೆ ಕೊನೆಗೂ ಮೋಕ್ಷ ಸಿಕ್ಕಿತು. ಅವರ ಬೀದಿಯ ದೀಪವನ್ನೇ ಬಿಚ್ಚಿ ತಂದರು. ಕಡತದಲ್ಲಿ ಷರಾ ಬಿತ್ತು: ದೀಪವೇ ಇಲ್ಲದ್ದರಿಂದ ಮಿಣುಕುವ ಪ್ರಶ್ನೆ ಉದ್ಭವಿಸುವುದಿಲ್ಲ, ದೂರು ಪರಿಹರಿಸಲಾಗಿದೆ.

ದೀಪವನ್ನು ಗಿಡ್ಡ ಕಂಬದ ಸಮೇತ ಹಾಲಿನಲ್ಲಿ ನೆಟ್ಟರು. ಕಂಬ ಇಲ್ಲದೆ ಬೀದಿ ದೀಪ ಹಾಕುವುದು ನಿಯಮಬಾಹಿರ. ಬೀದಿ ದೀಪಗಳಿಗೆ ಸ್ವಿಚ್ಚು ಇರುವುದಿಲ್ಲ. ಸೂರ್ಯ ಮುಳುಗಿದಾಗ ತಾವೇ ಹತ್ತಿ, ಹುಟ್ಟಿದಾಗ ತಾವೇ ಆರುತ್ತವೆ. ಆದರೆ ಈ ಹಾಲಿಗೆ ಕಿಟಕಿ ಕಡಿಮೆ, ಇದ್ದ ಕಿಟಕಿಗೆ ಜಲ್ಲಿ ಅಡ್ಡ. ದೀಪಕ್ಕೆ ಸೂರ್ಯ ಹುಟ್ಟಿದ ವಿಷಯವೇ ತಿಳಿಯಲಿಲ್ಲ. ಅದು ಹತ್ತಿದ್ದು ಹತ್ತಿಯೇ ಇತ್ತು.

ಮರುದಿನ ತಾತ ಬಂದರು. ಬಾಗಿಲಲ್ಲೇ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಅಮ್ಮಾ, ಇದು ನಮ್ಮ ಬೀದಿ ದೀಪ ಅಲ್ವೇನಮ್ಮಾ?"

"ಕೂತ್ಕೊಳ್ಳಿ ತಾತಾ."

"ನಮ್ಮದೇ ಕಣಮ್ಮ. ಆ ಕಾಗೆ ಕುಕ್ಕಿದ ಗುರುತು ನೋಡು. ಇಲ್ಲಿ ಯಾಕೆ ಮಿಣುಕ್ತಾ ಇಲ್ಲ ಇದು?"

ಒಳಗಿನಿಂದ ಸಾಹೇಬರು ಕೇಳಿದರು: "ಯಜಮಾನರೇ, ನೀವು ದೂರು ಕೊಡೋಕೆ ಬಂದ್ರಾ, ದೀಪ ನೋಡೋಕೆ ಬಂದ್ರಾ?"

ತಾತ ಕೊಡೆಯನ್ನು ಬೆಂಚಿಗೆ ಒರಗಿಸಿ, "ಬೀದೀಲಿ ಕತ್ತಲೆ ಇದೆ, ಇಲ್ಲೇ ಕೂತು ಪೇಪರ್ ಓದ್ತೀನಿ," ಅಂದರು. ಅನುಮತಿ ಕೊಡಲಾಯಿತು.

ಇಷ್ಟಾದ ಮೇಲೆ ಮೇಲಧಿಕಾರಿಗಳು ಬರಬೇಕಿತ್ತು. ಅವರು ಬರುತ್ತೇನೆ ಅಂದರು, ಮುಂದಕ್ಕೆ ಹಾಕಿದರು, ಮತ್ತೆ ಬರುತ್ತೇನೆ ಅಂದರು, ಮತ್ತೆ ಮುಂದಕ್ಕೆ ಹಾಕಿದರು. ಇತ್ತ ಮೂರೂ ಗಿಡಗಳು ಕಾದು ಕಾದು ತೀರಿಕೊಂಡವು. ಎಲೆ ಕಳಚಿ ತೇಲಿತು, ದಿಂಡು ಕರಗಿ ನಾರಿತು. ಚಿಕ್ಕಮ್ಮ ಹಾಜರಿ ಪುಸ್ತಕ ಹಿಡಿದುಕೊಂಡು ಸಾಹೇಬರ ಮುಂದೆ ನಿಂತಳು.

"ಸಾರ್, ಇವತ್ತು ಗಿಡಕ್ಕೆ ಏನು ಹಾಕಲಿ?"

"ಯಾಕೆ? ಬಂದಿಲ್ವಾ?"

"ಬಂದಿದೆ ಸಾರ್. ಇದ್ದಲ್ಲೇ ಇದೆ. ಆದ್ರೆ ಸತ್ತಿದೆ."

"ಸತ್ತಿದೆ ಅಂತ ಹೇಳೋಕೆ ನೀನು ಡಾಕ್ಟರಾ? ಸರ್ಟಿಫಿಕೇಟ್ ಬರೋ ತನಕ ಹಾಜರಿ ಹಾಕು."

ಹಾಕಿದಳು. ಗಿಡ ಸತ್ತಿದೆ ಅಂದರೆ ತಾನು ಮನೆಗೆ, ಬದುಕಿದೆ ಅಂದರೆ ಖಾಯಂ. ಇಂಥ ಕಡೆ ಯಾರಿಗೆ ತಾನೇ ಸರ್ಟಿಫಿಕೇಟು ಬೇಕು?

ಆದರೆ ಹಗಲೂ ರಾತ್ರಿ ಉರಿಯುವ ಬೀದಿ ದೀಪದ ಕೆಳಗೆ, ಸತ್ತ ಗಿಡಗಳ ರಸ ಕುಡಿದು, ಬೇರೆ ಯಾರೋ ಹುಟ್ಟಿಕೊಳ್ಳುತ್ತಿದ್ದರು. ಮೊದಲು ಗಾಜಿನ ಅಂಚಿಗೆ ಹಸಿರು ಗೆರೆ. ಆಮೇಲೆ ಕಲ್ಲಿನ ಮೇಲೆ ಹಸಿರು ಕೂದಲು. ಆಮೇಲೆ ನೀರೇ ಹಸಿರು. ಚಿಕ್ಕಮ್ಮ ಕೈ ಹಾಕಿದರೆ ಮೊಣಕೈ ತನಕ ಕಾಣದು. ಮೀನುಗಳು ಇವೆಯೋ ಇಲ್ಲವೋ ಎಂಬುದು ನಂಬಿಕೆಯ ವಿಷಯವಾಯಿತು.

ಚಿಕ್ಕಮ್ಮ ಎರಡು ಸಲ ಅದನ್ನು ಉಜ್ಜಿ ತೆಗೆದಳು. ಎರಡು ಸಲವೂ ಅದು ಮೊದಲಿಗಿಂತ ಉಮೇದಿನಿಂದ ಬೆಳೆಯಿತು. ಉಜ್ಜಿ ಉಜ್ಜಿ ಅವಳಿಗೆ ಜ್ವರ ಬಂತು. ಗಿಡದ ಹಾಜರಿಯನ್ನು ಮುಂಗಡವಾಗಿ ಹಾಕಿಟ್ಟು, ಒಂದಷ್ಟು ದಿನ ರಜೆ ಹಾಕಿ ಮಲಗಿದಳು. ಅದೇ ಸಮಯಕ್ಕೆ ಮೇಲಧಿಕಾರಿಗಳು ಬರುವ ದಿನ ಗಟ್ಟಿಯಾಯಿತು. ಹೊದಿಕೆ ಒದ್ದು ಎದ್ದು ಓಡಿದಳು. ನಾನು ಹಿಂದೆಯೇ ಓಡಿದೆ. ಇಂಥದ್ದನ್ನು ಬಿಡಲು ನನಗೇನು ಹುಚ್ಚೇ?

ಮೇಲಧಿಕಾರಿಗಳನ್ನು ಇಬ್ಬರು ತೋಳು ಹಿಡಿದು ಜಲ್ಲಿ ಗುಡ್ಡ ಹತ್ತಿಸಿ ಇಳಿಸಿದರು. ಅವರು ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಹಾಲಿನ ಒಳಗೆ ಬಂದು ನಿಂತರು. ಬೆಂಚುಗಳ ಮೇಲೆ ದೂರುದಾರರು ಸಾಲಾಗಿ ಕೂತಿದ್ದರು. ದೀಪದ ಝಳಕ್ಕೆ ಎಲ್ಲರೂ ಕಣ್ಣು ಮುಚ್ಚಿದ್ದರು. ಒಬ್ಬರೂ ಉಸಿರೆತ್ತಲಿಲ್ಲ. ತಾತನ ಪೇಪರ್ ಕೂಡ ಜಾರಿ ಕೆಳಗೆ ಬಿದ್ದಿತ್ತು.

"ಅಬ್ಬಾ! ಎಂಥಾ ಶಾಂತಿ!" ಅಂದರು ಮೇಲಧಿಕಾರಿಗಳು. "ಎಲ್ಲಾ ಧ್ಯಾನದಲ್ಲಿದ್ದಾರೆ."

"ತೊಟ್ಟಿಯ ಪ್ರಭಾವ ಸಾರ್," ಅಂದರು ಸಾಹೇಬರು.

"ಇದು ಯಾವ ಗಿಡ ರೀ?"

"ನಮ್ಮದೇ ತಳಿ ಸಾರ್. ಬೀಜ ಬೇಡ, ಬಿತ್ತನೆ ಬೇಡ. ಕಚೇರಿಯ ವಾತಾವರಣದಲ್ಲಿ ತಾನಾಗಿ ಬರುತ್ತೆ."

"ಸಜೀವ ತಾನೇ?"

ಸಾಹೇಬರು ಚಿಕ್ಕಮ್ಮನ ಕಡೆ ನೋಡಿದರು. ತಳದವರು ನೋಡಿದರು, ಬೆಳಕಿನವರು ನೋಡಿದರು. ಚಿಕ್ಕಮ್ಮ ರವಿಕೆಯ ತೋಳು ಮಡಿಸಿ ತೊಟ್ಟಿಗೆ ಕೈ ಹಾಕಿ, ಒದ್ದೆ ಜಡೆಯಷ್ಟು ಪಾಚಿಯನ್ನು ಎಳೆದು ತೋರಿಸಿದಳು. ಅದರ ತುದಿಯಲ್ಲಿ ಒಂದು ಗುಳ್ಳೆ ಉಬ್ಬಿ ಒಡೆಯಿತು.

"ಉಸಿರಾಡ್ತಾ ಇದೆ ಸಾರ್," ಅಂದಳು.

ಸುಳ್ಳಲ್ಲ. ಅಲ್ಲಿದ್ದವರಲ್ಲಿ ಧಾರಾಳವಾಗಿ ಉಸಿರಾಡುತ್ತಿದ್ದದ್ದು ಅದೊಂದೇ. ಮೇಲಧಿಕಾರಿಗಳು ತಲೆದೂಗಿದರು. ತಳದವರಿಗೂ ಬೆಳಕಿನವರಿಗೂ ಬಡ್ತಿ ಘೋಷಿಸಿದರು. ರಸ್ತೆಯ ಜಲ್ಲಿ ಮತ್ತು ಬೀದಿಯ ದೀಪ ಎಂಬ ಈ ಮಾದರಿಯನ್ನು ಎಲ್ಲ ಕಚೇರಿಗಳ ತೊಟ್ಟಿಗಳಿಗೂ ವಿಸ್ತರಿಸತಕ್ಕದ್ದೆಂದು ಅಲ್ಲೇ ಆಜ್ಞೆಯಾಯಿತು. ತಳದವರ ಭಾವಮೈದ ಇನ್ನೂ ಎರಡು ಲಾರಿ ಕೊಂಡ. ಬೆಳಕಿನವರು ಯಾವ ಯಾವ ಬೀದಿಯಲ್ಲಿ ಇನ್ನೂ ದೀಪ ಉಳಿದಿದೆ ಎಂದು ಸರ್ವೆಗೆ ಹೊರಟರು.

ಕೊನೆಗೆ ಮೇಲಧಿಕಾರಿಗಳು ಕವರಿನಿಂದ ಖಾಯಂ ಹುದ್ದೆಯ ಆದೇಶ ತೆಗೆದರು. ಚಿಕ್ಕಮ್ಮನ ಹೆಸರು ಕೂಗಿದರು. ಅವಳು ಹಸಿರು ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಹೋಗಿ ಆದೇಶ ಇಸಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಣ್ಣು ಮುಚ್ಚಿದ್ದವರೂ ತಟ್ಟಿದರು.

ಈಗ ನಿಜ ಹೇಳಿಬಿಡುತ್ತೇನೆ. ಜಲ್ಲಿ, ಲಾರಿ, ಬೀದಿ ದೀಪ, ಸತ್ತ ಗಿಡದ ಹಾಜರಿ, ಎಲ್ಲವೂ ನಡೆದದ್ದೇ. ಅದನ್ನೆಲ್ಲ ನೀವು ಹೂಂ ಹೂಂ ಅಂತ ನಂಬಿಕೊಂಡು ಬಂದಿರಿ. ನಾನು ಕಟ್ಟಿದ್ದು ಈ ಕೊನೆಯೊಂದನ್ನೇ. ಆದೇಶ ತೆಗೆದದ್ದು ಹೌದು, ಚಪ್ಪಾಳೆ ಹೊಡೆದದ್ದೂ ಹೌದು. ಆದರೆ ಮೇಲಧಿಕಾರಿಗಳು ಮೊದಲು ಹಾಜರಿ ಪುಸ್ತಕ ತರಿಸಿ ನೋಡಿದರು. ಹುದ್ದೆ ಒಂದು, ಹಂಗಾಮಿಗಳು ಇಬ್ಬರು. ಒಬ್ಬರು ಜ್ವರ ಅಂತ ರಜೆ ಹಾಕಿದ್ದಾರೆ. ಇನ್ನೊಬ್ಬರು ಒಂದು ದಿನವೂ ತಪ್ಪಿಸಿಲ್ಲ. ಇದರಲ್ಲಿ ಯೋಚಿಸುವುದೇನಿದೆ?

ಪಾಚಿ ಈಗ ಖಾಯಂ. ತೊಟ್ಟಿಯ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಾದ್ದರಿಂದ ಚಿಕ್ಕಮ್ಮನನ್ನು ಹಂಗಾಮಿಯಾಗಿ ಮುಂದುವರಿಸಿದ್ದಾರೆ, ಸಾಹೇಬರ ಮನಸ್ಸು ಒಳ್ಳೆಯದು. ಮನೆಯಲ್ಲಿ ನಾವೆಲ್ಲ ಬೈದೆವು. ಅವಳೊಬ್ಬಳು ಬೈಯಲಿಲ್ಲ. ತಟ್ಟೆಯ ಮೇಲೆ ಬಾಗಿ ಊಟ ಮಾಡುತ್ತಾ ಅಂದಳು:

"ಹಾಜರಿ ನೋಡಿದ್ರೆ ನ್ಯಾಯಾನೇ ಬಿಡೋ. ನಾನೇ ಅಲ್ವಾ ಹಾಕಿದ್ದು."